ಹೊಳೆಗೆ ಬಿಟ್ಟದ್ದು

ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗದ ಹಿರಿಯ ಮಿತ್ರರೊಬ್ಬರು ಕಳೆದ ಬೇಸಗೆಯಲ್ಲಿ ಇಂಗ್ಲೆಂಡಿಗೆ ಹೋಗಿ, ಮಗಳ ಮನೆಯಲ್ಲಿ ಎರಡು ತಿಂಗಳಿದ್ದು ಬಂದರು. ಬಂದವರು ಲಂಡನ್ನಿನ ಮಾತನ್ನೇ ಎತ್ತಲಿಲ್ಲ. ಅವರ ಬಾಯಲ್ಲಿ ಇದ್ದುದೆಲ್ಲ ಆ ದೇಶದ ದಕ್ಷಿಣ ಭಾಗದ ಸುಣ್ಣದ ಗುಡ್ಡಗಳು, ಮತ್ತು ಆ ಗುಡ್ಡಗಳ ನಡುವಣ ಹಳೆಯ ಸಂತೆಯೂರುಗಳು. ಮರಗಳು ವಿರಳವಾದ, ಹುಲ್ಲು ಹೊದ್ದ ನುಣ್ಣನೆಯ ಗುಡ್ಡಗಳಂತೆ; ಹುಲ್ಲನ್ನು ಕೆರೆದರೆ ಸಾಕು, ಕೆಳಗೆ ಅಚ್ಚ ಬಿಳುಪಂತೆ. ಮಾರ್ಲ್‌ಬರೊ ಎಂಬ ಊರಿನಲ್ಲಿ ಬುಧವಾರ, ಶನಿವಾರ ಸಂತೆ ಕೂಡುವುದಕ್ಕೆ 1204ರಲ್ಲಿ ಜಾನ್ ದೊರೆ ಸನ್ನದು ಕೊಟ್ಟನಂತೆ. ಇಂದಿಗೂ ಅವೇ ವಾರಗಳಂದು ಸಂತೆ ಕೂಡುತ್ತದಂತೆ.

ನಾನು ಕೇಳುತ್ತ ಕೇಳುತ್ತ ನನ್ನ ಬೆರಳುಗಳನ್ನು ನೋಡಿಕೊಂಡೆ. ಆಗತಾನೆ ತರಗತಿ ಮುಗಿಸಿ ಬಂದಿದ್ದೆನಾದ್ದರಿಂದ ಬೆರಳ ತುಂಬ ಸೀಮೆಸುಣ್ಣ. ಸೀಮೆಎಣ್ಣೆ, ಸೀಮೆಬದನೆ ಎನ್ನುವ ಹಾಗೆ ಇದೂ ಹೊರಸೀಮೆಯಿಂದ ಬಂದ ಪದಾರ್ಥವೆಂದು ನಮ್ಮ ಹಿರಿಯರು ಹೆಸರಿಟ್ಟರು. ಈಗ ನಾವು ಹಿಡಿಯುವ ಕಡ್ಡಿ ಬಹುಮಟ್ಟಿಗೆ ಜಿಪ್ಸಮ್ಮಿನದು, ನಿಜ. ಹೆಸರು ಮಾತ್ರ ಹಳೆಯದೇ ಉಳಿದಿದೆ. ಮಿತ್ರರು ನೋಡಿ ಬಂದ ಆ ಗುಡ್ಡಗಳು ಸುಮಾರು ಹತ್ತು ಕೋಟಿಯಿಂದ ಆರೂವರೆ ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು ಬಿದ್ದು ಬಿದ್ದು ಆದವು. ಯಾವುದೋ ಜೀವ ಕಳಚಿ ಬಿಟ್ಟದ್ದು ಇಲ್ಲವಾಗಲಿಲ್ಲ. ಕಡೆಗೆ ಒಂದು ನಾಡಿನ ನೆಲವೇ ಆಯಿತು. ಈ ಮಾತು ಆಗ ನನಗೆ ಕೇವಲ ವಿಜ್ಞಾನದ ಸಂಗತಿಯಾಗಿ ಕಂಡಿತ್ತು.

"ನಿಮ್ಮ ದಾವಣಗೆರೆಯ ಕಡೆ ಹೀಗೆ ಎರಡು ದಿನ ಸುತ್ತಿ ನೋಡುವಂಥದ್ದು ಏನಿದೆ ಮೇಷ್ಟ್ರೆ? ಬೆಣ್ಣೆದೋಸೆಯನ್ನು ಬಿಟ್ಟು ಹೇಳಿ" ಎಂದರು ಮಿತ್ರರು. ಹುಟ್ಟಿದ ಸೀಮೆಯ ಅಭಿಮಾನ ಯಾರನ್ನು ಬಿಟ್ಟೀತು? "ಬನ್ನಿ, ತೋರಿಸುತ್ತೇನೆ" ಎಂದುಬಿಟ್ಟೆ. ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಹೊರಟೆವು.

ನಮ್ಮ ಕಡೆ ಸುಣ್ಣದ ಬಿಳಿಗುಡ್ಡಗಳಿಲ್ಲ. ಇರುವುದು ಧಾರವಾಡ ಶಿಲಾವರ್ಗದ ಕಲ್ಲು, ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದು. ಅದರ ಮುಂದೆ ಇಂಗ್ಲೆಂಡಿನ ಸುಣ್ಣ ನಿನ್ನೆ ಮೊನ್ನೆಯ ಕೂಸು. ಆದರೆ ಸಂತೆಯೂರುಗಳಿಗೆ ಕೊರತೆಯಿಲ್ಲ. ದಾವಣಗೆರೆ ಒಂದು ಕಾಲಕ್ಕೆ ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಿ ಕೊಟ್ಟ, ಅವನು ವರ್ತಕರನ್ನು ಕರೆದು ನೆಲೆನಿಲ್ಲಿಸಿದ, ಊರು ಪೇಟೆಯಾಯಿತು. ಮುಂದೆ ಹತ್ತಿ ಬಂತು, ಗಿರಣಿಗಳು ಬಂದವು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂತು. ಆ ಗಿರಣಿಗಳು ಬಹುಮಟ್ಟಿಗೆ ಮುಚ್ಚಿಹೋದವು, ಪೇಟೆ ಮುಚ್ಚಲಿಲ್ಲ. ಮಂಡಕ್ಕಿ ಭಟ್ಟಿಗಳ ಹೊಗೆ ಇದೆ, ಮಾರುಕಟ್ಟೆಯ ಅಂಗಳದಲ್ಲಿ ಮೆಕ್ಕೆಜೋಳದ ರಾಶಿ ಇದೆ, ಆ ರಾಶಿಯನ್ನು ಚೀಲಕ್ಕೆ ತುಂಬಿ ಬೆನ್ನ ಮೇಲೆ ಹೊರುವ ಹಮಾಲರಿದ್ದಾರೆ. ಮಿತ್ರರು ಅವರನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. "ಅಲ್ಲಿಯ ಸಂತೆಯಲ್ಲಿ ಹೊರುವವರು ಕಣ್ಣಿಗೆ ಬೀಳಲಿಲ್ಲ. ಚೀಸು, ಹೂವು ಇವೇ ಕಂಡವು" ಎಂದರು. ನೋಡಹೋದವನಿಗೆ ಹೊರುವವನು ಕಾಣದಿರುವುದು ಆ ದೇಶಕ್ಕೆ ಮಾತ್ರ ಸೇರಿದ ವಿಷಯವಲ್ಲ.

ದಾವಣಗೆರೆಯಿಂದ ಹರಿಹರಕ್ಕೆ ಮೂರೂವರೆ ಹರದಾರಿ ದಾರಿಯೂ ಇಲ್ಲ. ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಜಾನ್ ದೊರೆಯ ಸಂತೆಯ ಸನ್ನದಿಗಿಂತ ಬರಿಯ ಇಪ್ಪತ್ತು ವರ್ಷ ಈಚೆಗೆ. ಅರ್ಧ ಹರಿ, ಅರ್ಧ ಹರ. ಒಂದೇ ಮೈಯನ್ನು ಇಬ್ಬರು ಹಂಚಿಕೊಂಡು ನಿಂತ ಮೂರ್ತಿ. ಊರ ಪಕ್ಕದಲ್ಲಿ ತುಂಗಭದ್ರೆ. 1956ರವರೆಗೆ ಈ ದಡ ಮೈಸೂರು ರಾಜ್ಯ, ಆ ದಡ ಮುಂಬಯಿ ರಾಜ್ಯ. ಇಲ್ಲಿಯೇ ಹರಿದ್ರಾ ಎಂಬ ಸಣ್ಣ ಹೊಳೆ ಬಂದು ದೊಡ್ಡ ಹೊಳೆಯನ್ನು ಕೂಡುತ್ತದೆ. ಆ ಹರಿದ್ರೆ ಹೊರಟುಬರುವುದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ. ಕೆರೆಯನ್ನು ಕಟ್ಟಲು ಹೊರಟ ರಾಜಪುತ್ರಿ ಶಾಂತವ್ವೆಗೆ ಅಲ್ಲಿದ್ದ ವೇಶ್ಯೆಯರು ತಮ್ಮ ನೆಲೆಯನ್ನೇ ಬಿಟ್ಟುಕೊಟ್ಟರು, ಕೆರೆಗೆ ತಮ್ಮ ಹೆಸರು ಉಳಿಯಬೇಕೆಂಬ ಒಂದೇ ಕರಾರಿನ ಮೇಲೆ, ಎಂದು ಐತಿಹ್ಯ. ಸಭ್ಯತೆಗಾಗಿ ಶಾಂತಿಸಾಗರವೆಂದು ಕಾಗದದಲ್ಲಿ ಬರೆದುದಾಯಿತು. ಜನ ಮಾತ್ರ ಸೂಳೆಕೆರೆ ಎಂದೇ ಕರೆಯುತ್ತಾರೆ. ಕೊಟ್ಟವರ ಕರಾರು ಜನರ ನಾಲಗೆಯ ಮೇಲೆ ಇನ್ನೂ ನಡೆದಿದೆ. ಈ ಕಥೆ ನಿಜವೋ ಸುಳ್ಳೋ, ಅದರ ನೀತಿ ನನಗೆ ದೊಡ್ಡದಾಗಿ ಕಾಣುತ್ತದೆ: ನಮಗೆ ದೊರೆತ ನೀರಿನ ಕೆಳಗೆ ಯಾರೋ ಬಿಟ್ಟುಕೊಟ್ಟ ಮನೆಯಿದೆ, ಅದನ್ನು ಮರೆಯಬೇಡ.

ಹರಿಹರದಿಂದ ಶಿವಮೊಗ್ಗದ ದಾರಿ ಹಿಡಿದು ಮಲೆಬೆನ್ನೂರಿನ ಕಡೆ ಬಂದರೆ ಭದ್ರಾ ಕಾಲುವೆಯ ಗದ್ದೆಗಳು, ಅವುಗಳ ಅಂಚಿಗೆ ಕೊಮಾರನಹಳ್ಳಿಯ ಗುಡ್ಡ. ಮಿತ್ರರಿಗೆ ಬಹಳ ಹಿಡಿಸಿತು. ಅಷ್ಟರಲ್ಲಿ ಅವರ ಕಣ್ಣಿಗೆ ಒಂದು ಫಲಕ ಬಿತ್ತು: ಉಕ್ಕಡಗಾತ್ರಿ. "ಅಮಾವಾಸ್ಯೆಗೆ ಜನ ಸೇರುವ ಊರಲ್ಲವೆ ಇದು? ದೆವ್ವ ಬಿಡಿಸುವ ಕ್ಷೇತ್ರ? ಹತ್ತಿರವೇ ಇದೆ, ನೋಡಿಯೇ ಹೋಗೋಣ" ಎಂದರು. ನಾನು ಗಡಿಯಾರ ನೋಡಿಕೊಂಡೆ, ಹೊತ್ತಾಯಿತೆಂದೆ, ಊಟದ ಮಾತೆತ್ತಿದೆ. ಯಾವುದೂ ನಡೆಯಲಿಲ್ಲ. ಕಾರು ಹೊಳೆಯ ಕಡೆಗೆ ತಿರುಗಿತು.

ನಾನು ಹಿಂಜರಿದುದಕ್ಕೆ ಕಾರಣವಿತ್ತು. ಆ ಊರಿಗೆ ನಾನು ಮೊದಲು ಹೋದದ್ದು 1996ರಲ್ಲಿ, ಬಿ.ಎ. ಓದಲು ಸೇರಿದ ವರ್ಷ. ಆಗ ಹರಿಹರ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾದದ್ದು ಮರುವರ್ಷ. ನನ್ನ ದೊಡ್ಡಕ್ಕ ಚೊಚ್ಚಲ ಬಾಣಂತಿ. ಹೆರಿಗೆಯಾದ ಹದಿನೈದು ದಿನಕ್ಕೆ ಅವಳು ಮಾತು ಬಿಟ್ಟಳು, ಊಟ ಬಿಟ್ಟಳು; ಕೂಸನ್ನು ಹತ್ತಿರ ತಂದರೆ ಗೋಡೆಯ ಕಡೆ ತಿರುಗಿ ಮಲಗುವಳು. ಬಾಣಂತಿ ಸನ್ನಿ ಎಂದರು ಕೆಲವರು. ಗಾಳಿ ಎಂದರು ಹಲವರು. ನಮ್ಮವ್ವ ಒಂದು ಅಮಾವಾಸ್ಯೆಯ ಹಿಂದಿನ ದಿನ ಅವಳನ್ನು ಕರೆದುಕೊಂಡು ಉಕ್ಕಡಗಾತ್ರಿಗೆ ಹೊರಟಳು. ಜೊತೆಗೆ ಗಂಡುದಿಕ್ಕು ಬೇಕೆಂದು ನನ್ನನ್ನೂ ಕರೆದೊಯ್ದಳು. ನಾನೋ, ನಾಲ್ಕು ಪುಸ್ತಕ ಓದಿ ವಿಚಾರವಾದಿಯಾದ ಹುಡುಗ. ನಾಚಿಕೆಯಿಂದ ದೂರ ದೂರ ನಿಂತೆ.

ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ, ಅದರ ಸುತ್ತ ಜನ. ಮೈಮೇಲೆ ಬಂದು ಕೂಗುವವರು, ತಲೆ ಕೆದರಿ ತೂಗುವವರು, ಅವರನ್ನು ತೋಳಿನಲ್ಲಿ ಹಿಡಿದುಕೊಂಡ ಗಂಡಂದಿರು, ತಾಯಂದಿರು. ಆಮೇಲೆ ಹೊಳೆಯಲ್ಲಿ ಸ್ನಾನ. ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟು ಬೇರೆ ಬಟ್ಟೆ ಉಟ್ಟು ಬರಬೇಕೆಂಬುದು ಅಲ್ಲಿ ಜನ ನಡಸಿಕೊಂಡು ಬಂದ ರೂಢಿ; ಪೀಡೆ ಬಟ್ಟೆಯೊಂದಿಗೆ ಹೋಯಿತೆಂದು ನಂಬಿಕೆ. ಅವ್ವ ಅಕ್ಕನ ಹಸಿರು ಸೀರೆಯನ್ನು ನೀರಿಗೆ ಬಿಟ್ಟಳು. "ಹಿಂದಕ್ಕೆ ತಿರುಗಿ ನೋಡಬ್ಯಾಡ್ರಿ" ಎಂದಳು. ಅವ್ವ ನೋಡಲಿಲ್ಲ, ಅಕ್ಕ ನೋಡಲಿಲ್ಲ. ನಾನು ನೋಡಿದೆ. ಸೀರೆ ಎಲ್ಲಿಗೂ ಹೋಗಿರಲಿಲ್ಲ. ಇಪ್ಪತ್ತು ಮಾರು ಆಚೆ, ನೀರಿಗೆ ಬಾಗಿದ ಒಂದು ಪೊದೆಗೆ ಸಿಕ್ಕಿಕೊಂಡು ಸುಮ್ಮನೆ ಅಲ್ಲಾಡುತ್ತಿತ್ತು.

ಒಂಬತ್ತು ದಿನ ಅಲ್ಲಿ ಉಳಿದೆವು. ಊರಿಗೆ ಬಂದ ಮೇಲೆ ಚಿಕ್ಕಪ್ಪನ ಒತ್ತಾಯದಿಂದ ದಾವಣಗೆರೆಯ ವೈದ್ಯರೊಬ್ಬರಿಗೂ ತೋರಿಸಿದ್ದಾಯಿತು. ಅವರು ಆರು ತಿಂಗಳು ಗುಳಿಗೆ ಕೊಟ್ಟರು. ಅಕ್ಕ ಗುಣವಾದಳು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಪಕ್ಷ. ಅವ್ವನದು ಅಜ್ಜಯ್ಯನ ಪಕ್ಷ, ನನ್ನದು ಗುಳಿಗೆಯ ಪಕ್ಷ. ಹತ್ತಾರು ವರ್ಷ ವಾದ ಮಾಡಿದೆವು. ಯಾರಿಗೂ ಅಕ್ಕನನ್ನು ಕೇಳಬೇಕೆಂದು ಹೊಳೆಯಲಿಲ್ಲ. ಅವ್ವ ತೀರಿಕೊಂಡ ವರ್ಷ ಒಮ್ಮೆ ಕೇಳಿದೆ. ಅಕ್ಕ ಹೇಳಿದ ಮಾತು ಇದು: "ಗಾಳಿ ಬಿಡ್ತೋ, ಗುಳಿಗಿ ಬಿಡಿಸ್ತೋ ನಂಗೇನು ಗೊತ್ತು ತಮ್ಮಾ. ಅಲ್ಲಿ ನಮ್ಮ ಮಗ್ಗುಲಾಗ ಒಬ್ಬಾಕಿ ಮಲಗಿದ್ಲು. ಒಂಬತ್ತು ರಾತ್ರಿನೂ ನನ್ನ ಕೂಸಿನ್ನ ಆಕೀನೇ ಎತ್ಕೊಂಡು ಅಡ್ಡಾಡಿದ್ಲು. ಅದು ಗೊತ್ತು."

ಆ ಹೆಂಗಸಿನ ಸ್ವಂತ ಮಗಳೇ ಹುಷಾರಿಲ್ಲದೆ ಅಲ್ಲಿ ಬಿದ್ದಿದ್ದಳೆಂದು ಆಗ ತಿಳಿಯಿತು. ನಾವು ಅವಳ ಹೆಸರು ಕೇಳಿರಲಿಲ್ಲ, ಊರು ಕೇಳಿರಲಿಲ್ಲ. ಹೊರಡುವಾಗ ಹೇಳಿ ಹೊರಟೆವೋ ಇಲ್ಲವೋ ಅಕ್ಕನಿಗೂ ನೆನಪಿಲ್ಲ.

ಇಷ್ಟನ್ನು ಎದೆಯಲ್ಲಿಟ್ಟುಕೊಂಡು ನಾನು ಮಿತ್ರರೊಡನೆ ಉಕ್ಕಡಗಾತ್ರಿಯಲ್ಲಿ ಇಳಿದೆ. ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಜನ ಕಡಿಮೆ, ಆದರೂ ಇದ್ದರು. ಮೆಟ್ಟಿಲ ಬಳಿ ಒಬ್ಬ ಮುದುಕಿ ಎಲೆಯಡಿಕೆ ಜಗಿಯುತ್ತ ಕುಳಿತಿದ್ದಳು. ನಮ್ಮನ್ನು ಕಂಡು ಮಗ್ಗುಲಿಗೆ ಸರಿದು ಜಾಗ ಮಾಡಿಕೊಟ್ಟು, "ಯಾರಿಗೆ ಹುಷಾರಿಲ್ರೀ?" ಎಂದಳು. ಅಲ್ಲಿ ಯಾರು ಬಂದರೂ ಮೊದಲು ಕೇಳುವ ಪ್ರಶ್ನೆ ಅದು. ಮಿತ್ರರು, "ಯಾರಿಗೂ ಇಲ್ಲಮ್ಮ. ಸುಮ್ಮನೆ ನೋಡಲು ಬಂದೆವು" ಎಂದರು. "ನೋಡಾಕ?" ಎಂದಳು ಮುದುಕಿ. ಅಷ್ಟೆ. ಕೋಪವಿಲ್ಲ, ಅಣಕವಿಲ್ಲ, ಅವಳಿಗೆ ಅರ್ಥವಾಗಲಿಲ್ಲ, ಅಷ್ಟೆ. ಮಿತ್ರರು ಫೋಟೋ ತೆಗೆಯಲೆಂದು ಕೈಯಲ್ಲಿ ಹಿಡಿದಿದ್ದ ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ಉಕ್ಕಡವೆಂದರೆ ಹಳೆಯ ಮಾತಿನಲ್ಲಿ ಕಾವಲುಠಾಣೆ. ಹಾದಿಹೋಕನನ್ನು ನಿಲ್ಲಿಸಿ, ಏನು ತಂದೆ, ಏನು ಒಯ್ಯುತ್ತೀ, ಯಾಕೆ ಬಂದೆ ಎಂದು ವಿಚಾರಿಸುವ ಜಾಗ. ಆ ದಿನ ನಮ್ಮನ್ನು ಆ ಮುದುಕಿ ವಿಚಾರಿಸಿದಳು, ಮತ್ತು ನಮ್ಮಲ್ಲಿ ತಕ್ಕ ಉತ್ತರವಿರಲಿಲ್ಲ.

ಹೊಳೆಯ ದಡಕ್ಕೆ ಇಳಿದೆವು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಇಲ್ಲಿಂದ ಫತ್ತೇಪುರಕ್ಕೆ ಹೋಗುವ ದಾರಿ ಮುಳುಗುವುದುಂಟು. ಈಗ ನೀರು ಇಳಿದಿತ್ತು. ಇಳಿದ ನೀರು ತಾನು ಅಡಗಿಸಿಕೊಂಡಿದ್ದನ್ನೆಲ್ಲ ಹೊರಗೆ ಹಾಕಿತ್ತು. ಸೀರೆ, ಪಂಚೆ, ಕುಪ್ಪಸ, ಮಕ್ಕಳ ಅಂಗಿ. ಕೆಸರಿನಲ್ಲಿ ಅರ್ಧ ಹೂತು, ಬೇರುಗಳಿಗೆ ಸುತ್ತಿಕೊಂಡು, ಬಣ್ಣಗೆಟ್ಟು ಬಿದ್ದಿದ್ದವು. ಒಬ್ಬಾತ ಉದ್ದನೆಯ ಕೋಲಿನಿಂದ ಅವನ್ನು ಎಳೆದು ಎಳೆದು ರಾಶಿ ಹಾಕುತ್ತಿದ್ದ. ಮಾತಾಡಿಸಿದೆ.

"ಹೊಳಿ ಎಲ್ಲಿ ಒಯ್ತೈತ್ರೀ ಸಾರ್? ಸ್ವಲ್ಪ ದೂರ ಹೋಗಿ ಸಿಕ್ಕಂತಾವು. ನೀರು ಇಳಿದ್ಮ್ಯಾಲೆ ನಾವ ತೆಗೀಬೇಕು."

"ಇವುಗಳ ಜೊತೆ ಗಾಳಿ ಬಂದಿರುತ್ತದೆ ಅಂತಾರಲ್ಲ, ನಿಮಗೆ ಹೆದರಿಕೆಯಾಗುವುದಿಲ್ಲವೆ?"

ಆತ ನಕ್ಕ. "ಗಾಳಿ ಹೊಡದಿದ್ದು ಕಾಣೆ ಸಾರ್. ನಮಗೆ ಹೊಡಿಯಾದು ಬರೇ ನಾತ." ಸ್ವಲ್ಪ ತಡೆದು, "ಬಿಟ್ಟೋರು ಹಿಂದಿರುಗಿ ನೋಡಂಗಿಲ್ಲ. ನೋಡಿದ್ರ ಗೊತ್ತಾಗತೈತಿ" ಎಂದ.

ಬೇಡವಾದದ್ದನ್ನು ಕಳೆದುಕೊಳ್ಳಲು ನಾವು ಎಲ್ಲಿಗಾದರೂ ಹೋಗುತ್ತೇವಲ್ಲ, ಅಲ್ಲಿ ಅದು ಯಾರ ಪಾಲಾಗುತ್ತದೆ? ಈ ಪ್ರಶ್ನೆ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ. ಉಕ್ಕಡಗಾತ್ರಿಯ ಕೆಳಗೆ ಹೊಳೆ ಹರಿಹರಕ್ಕೆ ಹೋಗುತ್ತದೆ. ಹರಿಹರದ ಬಳಿಯ ರಾಜನಹಳ್ಳಿಯಿಂದ ದಾವಣಗೆರೆಗೆ ಕುಡಿಯುವ ನೀರು ಏರುತ್ತದೆ. ಎಂದರೆ, ದಾವಣಗೆರೆಯವರು ಪೀಡೆ ಕಳೆಯಲೆಂದು ಬಂದು ಬಿಟ್ಟದ್ದು ದಾವಣಗೆರೆಯ ಕೊಡಕ್ಕೇ ನೀರಾಗಿ ಹೊರಟಿದೆ. ಈ ಪಾಪದಲ್ಲಿ ನಂಬುವವನು ಮಾತ್ರ ಪಾಲುಗಾರನೆಂದು ತಿಳಿಯಬೇಡಿ. ನಂಬದ ನಾವೂ ಊರ ಕೊಳಚೆಯನ್ನು, ಕಾರ್ಖಾನೆಯ ಕಲ್ಮಷವನ್ನು ಬಿಡುವುದು ಇಂಥ ಹೊಳೆಗಳಿಗೇ, ಮತ್ತು ಇದೇ ಧೈರ್ಯದಿಂದ: ಹೊಳೆ ಒಯ್ಯುತ್ತದೆ, ಹಿಂದಿರುಗಿ ನೋಡಬೇಕಾಗಿಲ್ಲ. ಅವ್ವನ ನಂಬಿಕೆಗೆ ನಾನು ನಕ್ಕಿದ್ದೆ. ನನ್ನ ನಂಬಿಕೆಯೂ ಅದೇ ಆಗಿತ್ತು.

ಇದಕ್ಕೆ ಸಮಾಧಾನಗಳಿಲ್ಲವೆ? ಇವೆ. ಹೊಳೆ ದೊಡ್ಡದು, ಸೀರೆ ಒಂದು ಎನ್ನಬಹುದು. ಆದರೆ ಎಲ್ಲರೂ ತರುವುದು ಒಂದೊಂದೇ ಸೀರೆ; ದಡದ ರಾಶಿಯಲ್ಲಿ ಎರಡು ಸೀರೆ ಬಿಟ್ಟವರು ಯಾರೂ ಇರಲಾರರು. ತೆಗೆಯುವವನಿಗೆ ಕೂಲಿ ಸಲ್ಲುತ್ತದೆ ಎನ್ನಬಹುದು. ಇದು ಪೇಟೆಯ ನ್ಯಾಯ. ಪೇಟೆಯಲ್ಲಿ ಇದಕ್ಕೆ ಬೆಲೆಯೂ ಇದೆ. ಕೊಟ್ಟವನೂ ಕೊಂಡವನೂ ಎದುರೆದುರು ನಿಂತು, ಬೆಲೆ ಒಪ್ಪಿ, ಹಣ ಎಣಿಸಿದ ಮೇಲೆ ಋಣ ತೀರಿತು. ಸಂತೆಯ ದೊಡ್ಡ ಗುಣ ಇದು. ಗುರುತಿಲ್ಲದವರೂ ಅಲ್ಲಿ ಪರಸ್ಪರ ಸಮನಾಗಿ ನಿಲ್ಲುತ್ತಾರೆ. ಆದರೆ ಕೆಳದಂಡೆಯವನು ಸಂತೆಗೆ ಬಂದೇ ಇಲ್ಲ. ಅವನನ್ನು ಯಾರೂ ಬೆಲೆ ಕೇಳಲಿಲ್ಲ. ಮೀನು ಕೂಲಿ ಪಡೆಯುವುದಿಲ್ಲ. ಇನ್ನೂ ಹುಟ್ಟದ ಕೂಸು ಚೌಕಾಸಿ ಮಾಡಲಾರದು. ಎದುರಿಗೆ ಇಲ್ಲದವನ ಮೇಲೆ ಹೊರಿಸಿದ ಹೊರೆಯನ್ನು ಹಣ ಎಣಿಸಿ ತೀರಿಸುವುದು ಹೇಗೆ?

ಹಾಗಾದರೆ ಏನನ್ನೂ ಬಿಡಬಾರದೆ? ಇಲ್ಲಿಗೆ ಬಂದಾಗ ನನ್ನ ವಿಚಾರವಾದ ಮುಗ್ಗರಿಸುತ್ತದೆ. 1996ರಲ್ಲಿ ಆ ದಡದ ಮೇಲೆ ನಿಂತಿದ್ದ ನಮ್ಮವ್ವನಿಗೆ, "ಹರಿಹರದವರ ನೀರಿನ ಗತಿ ಏನು?" ಎಂದು ಕೇಳಬಹುದಿತ್ತೆ? ಮಗಳು ಕೈ ತಪ್ಪಿ ಹೋಗುತ್ತಿರುವಾಗ ತಾಯಿಗೆ ಕೆಳದಂಡೆ ಕಾಣಬೇಕೆನ್ನುವವನು ಮನುಷ್ಯನಲ್ಲ. ದುಃಖಕ್ಕೆ ಇಳಿಸುವ ಹಕ್ಕಿದೆ. ನಮ್ಮ ನಾಡಿನ ಹಳೆಯ ಹಾದಿಗಳ ಬದಿಯಲ್ಲಿ, ತಲೆಹೊರೆಯವರು ಹೊರೆ ಇಳಿಸಲೆಂದು ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹಾಸಿದ್ದನ್ನು ಓದುಗರು ಕಂಡಿರಬಹುದು. ಆಳೆತ್ತರದ ಕಲ್ಲು, ಇಳಿಸಲು, ಎತ್ತಿಕೊಳ್ಳಲು ಇನ್ನೊಬ್ಬರ ಸಹಾಯ ಬೇಡ. ಹಾಗೆ ಇಳಿಸಿ ಉಸಿರು ಬಿಡಲು ಎಡೆಯಿಲ್ಲದ ಹಾದಿ ಕ್ರೂರವಾದ ಹಾದಿ.

ಇಂಥ ಕ್ಷೇತ್ರಗಳಿಗೆ ಜನ ಯಾಕೆ ಬರುತ್ತಾರೆಂಬುದೂ ಇದರಿಂದ ತಿಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ತಮಿಳುನಾಡಿನ ಒಂದು ಗುಡಿಯಲ್ಲಿ ಬಂದು ತಂಗಿದ 31 ಮಂದಿ ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಔಷಧವಿಲ್ಲದೆ, ಕೆಲವು ವಾರ ಅಲ್ಲಿ ಉಳಿದಷ್ಟರಿಂದಲೇ, ಅವರ ರೋಗಲಕ್ಷಣಗಳು ಶೇಕಡಾ 20ರಷ್ಟು ತಗ್ಗಿದ್ದವು. ಬೆದರಿಕೆಯಿಲ್ಲದ, ಆದರಿಸುವ ನೆಲೆಯೊಂದು ಸಿಕ್ಕಿದ್ದೇ ಇದಕ್ಕೆ ಕಾರಣವಿರಬಹುದೆಂದು ಅವರ ಅಭಿಪ್ರಾಯ. ಇದನ್ನು ಓದಿ ಗುಡಿಯೇ ಸಾಕು, ವೈದ್ಯ ಬೇಡ ಎನ್ನುವವರಿಗೆ ಅದಕ್ಕೂ ಹಿಂದಿನ ವರ್ಷದ ಇನ್ನೊಂದು ಸಂಗತಿಯನ್ನು ನೆನಪು ಮಾಡಬೇಕು. 2001ರ ಆಗಸ್ಟ್ 6ರಂದು ಅದೇ ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಆಸರೆಗೆಂದು ತಂದು ಬಿಟ್ಟಿದ್ದ ರೋಗಿಗಳ ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿತು. ಎರಡೂ ಕಡೆ ಜನ ತಂದದ್ದು ಒಂದೇ ಹೊರೆಯನ್ನು. ಒಂದು ಕಡೆ ಅದನ್ನು ಯಾರೋ ಕೈಚಾಚಿ ತೆಗೆದುಕೊಂಡರು. ಇನ್ನೊಂದು ಕಡೆ ಬಿಟ್ಟು ಹೋದವರು ಹಿಂದಿರುಗಿ ನೋಡಲಿಲ್ಲ.

ಆದ್ದರಿಂದ ನನಗೆ ತೋರುವುದು ಹೀಗೆ. ಹೊರೆ ಎಂದೂ ಇಲ್ಲವಾಗುವುದಿಲ್ಲ. ಅದು ಕೈ ಬದಲಿಸುತ್ತದೆ. ಅಕ್ಕನ ಮೈಯಿಂದ ಇಳಿದ ಸೀರೆಯನ್ನು ಯಾರೋ ಕೋಲಿನಿಂದ ಎಳೆದ. ಅಕ್ಕನ ಕೈಯಿಂದ ಇಳಿದ ಕೂಸನ್ನು ಯಾರೋ ಎದೆಗೆ ತೆಗೆದುಕೊಂಡಳು. ಮೊದಲನೆಯದು ನಾವು ಕೇಳದೆ ಹೊರಿಸಿದ್ದು, ಎರಡನೆಯದು ಆಕೆ ಕೇಳಿ ಹೊತ್ತದ್ದು. ಇವೆರಡರ ನಡುವೆ ಭೂಮ್ಯಾಕಾಶದ ಅಂತರವಿದೆ. ಆದರೆ ನಾವು ಎರಡನ್ನೂ ಒಂದೇ ರೀತಿಯಲ್ಲಿ ಮರೆತೆವು. ನೋವಿನಲ್ಲಿರುವವರಿಗೆ "ಹಿಂದಿರುಗಿ ನೋಡಬೇಡ" ಎನ್ನುವುದು ಕರುಣೆ. ಗುಣವಾದವರಿಗೂ ಅದನ್ನೇ ಹೇಳುತ್ತ ಹೋಗುವುದು ಕೃತಘ್ನತೆ. ಋಣಕ್ಕೆ ವಾಯಿದೆಯಿದೆ, ಆದರೆ ಅದರ ಗಡುವು ದುಃಖದ ದಿನವಲ್ಲ, ದುಃಖ ತೀರಿದ ದಿನ. ಅಂದು ಹಿಂದಿರುಗಿ ಹೋಗಿ, ಇಳಿಸಿದ್ದು ಯಾರ ಮೇಲೆ ಬಿತ್ತು ಎಂದು ನೋಡಬೇಕು. ಇಪ್ಪತ್ತೆಂಟು ವರ್ಷ ನಮ್ಮ ಮನೆಯಲ್ಲಿ ಯಾರೂ ಹೋಗಿ ನೋಡಲಿಲ್ಲ. ಗುಣ ಮಾಡಿದ್ದು ಯಾರೆಂದು ಜಗಳವಾಡುವುದರಲ್ಲಿಯೇ ಕಾಲ ಕಳೆದೆವು.

ಇನ್ನು ನಮ್ಮಂತೆ ಬರಿದೆ ನೋಡಲು ಹೋಗುವವರ ವಿಷಯ. ದುಃಖಿಗೆ ಇರುವ ವಿನಾಯಿತಿ ನಮಗೆ ಇಲ್ಲ. ನಾವು ಬೆಟ್ಟ ನೋಡಿದೆವು, ಗುಡಿ ನೋಡಿದೆವು, ಹಮಾಲರನ್ನು ನೋಡಿದೆವು. ಚಿತ್ರ ಒಯ್ದೆವು, ನೀರಿನ ಬಾಟಲಿ ಬಿಟ್ಟೆವು. ಕಂಡದ್ದು ನಮ್ಮದು, ಬಿಟ್ಟದ್ದು ಅವರದು. ಈ ಲೆಕ್ಕ ಯಾವ ಸಂತೆಯ ನ್ಯಾಯ?

ಮರಳಿ ಬರುವಾಗ ಮಿತ್ರರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ತಮ್ಮ ಸುಣ್ಣದ ಗುಡ್ಡಗಳ ಕಥೆಯನ್ನು ಮತ್ತೆ ತೆಗೆದರು. ಅಫಿಂಗ್ಟನ್ ಎಂಬಲ್ಲಿ ಗುಡ್ಡದ ಇಳಿಜಾರಿನಲ್ಲಿ, ಹುಲ್ಲು ಕೆತ್ತಿ ಸುಣ್ಣ ತುಂಬಿ ಬಿಡಿಸಿದ ಒಂದು ಬಿಳಿಯ ಕುದುರೆ ಇದೆ. ನೂರು ಮೀಟರಿಗೂ ಉದ್ದ, ಸುಮಾರು ಮೂರು ಸಾವಿರ ವರ್ಷ ಹಳೆಯದು. ಅದನ್ನು ಯಾರು ಬರೆದರೋ, ಯಾಕೆ ಬರೆದರೋ. ಆದರೆ ಮೈತುಂಬ ತಿಕ್ಕಿ ಹೊಸ ಸುಣ್ಣ ಬಡಿಯದೆ ಹಾಗೇ ಬಿಟ್ಟರೆ ಕೆಲವೇ ದಶಕಗಳಲ್ಲಿ ಹುಲ್ಲು ಬೆಳೆದು ಕುದುರೆ ಮಾಯವಾಗುತ್ತದೆ. ಎಂದರೆ ಮೂರು ಸಾವಿರ ವರ್ಷವೂ ಯಾವುದೇ ತಲೆಮಾರು ಬಿಡದೆ, ಸುತ್ತಲಿನ ಹಳ್ಳಿಯ ಜನ ಗುಡ್ಡ ಹತ್ತಿ ಆ ಕುದುರೆಯನ್ನು ತಿಕ್ಕಿದ್ದಾರೆ. ಈಗಲೂ ಬೇಸಗೆಯಲ್ಲಿ ಜನ ಸುತ್ತಿಗೆ ಹಿಡಿದು ಬಂದು ಮಂಡಿಯೂರಿ ಸುಣ್ಣ ಬಡಿಯುತ್ತಾರಂತೆ. "ನಾನು ಅಲ್ಲಿ ನಿಂತು ಎಷ್ಟು ಚೆಂದ ಎಂದೆ, ಚಿತ್ರ ತೆಗೆದೆ, ಬಂದೆ. ನನ್ನ ಮಗಳು ಕಳೆದ ವರ್ಷ ಹೋಗಿ ತಿಕ್ಕಿ ಬಂದಿದ್ದಳು. ಕೈ ಬೊಬ್ಬೆ ಬಂದಿತ್ತೆಂದು ಫೋನಿನಲ್ಲಿ ಹೇಳಿದಾಗ ನಾನು ನಕ್ಕಿದ್ದೆ" ಎಂದರು ಮಿತ್ರರು.

ಊರಿಗೆ ಬಂದ ಮೇಲೆ ಅಕ್ಕನಿಗೆ ಇದೆಲ್ಲವನ್ನೂ ಹೇಳಿದೆ. ಪೊದೆಗೆ ಸಿಕ್ಕಿದ ಸೀರೆಯ ಸಂಗತಿಯನ್ನು ಅವಳಿಗೆ ಅದುವರೆಗೆ ನಾನು ಹೇಳಿರಲೇ ಇಲ್ಲ. ಅವಳು ಬೇಸರಪಟ್ಟಾಳು ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಆವತ್ತೇ ಹೇಳಬಾರದಿತ್ತೇನೋ? ನಾನೇ ಹೋಗಿ ತಕ್ಕೊಂಡು ಬರ್ತಿದ್ದೆ."

ಮುಂದಿನ ಅಮಾವಾಸ್ಯೆ ಕಳೆದು ನಾಲ್ಕು ದಿನಕ್ಕೆ ಅವಳೂ ನಾನೂ ಹೋದೆವು. ಅಕ್ಕ ಒಂದು ಹೊಸ ಸೀರೆ ತಂದಿದ್ದಳು. ಅದನ್ನು ಹೊಳೆಗೆ ಬಿಡಲಿಲ್ಲ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದ ಒಬ್ಬ ಹೆಂಗಸಿನ ಪಕ್ಕ ಕುಳಿತು, ಹೆಸರು ಕೇಳಿ, ಊರು ಕೇಳಿ, ಬಹಳ ಹೊತ್ತು ಮಾತಾಡಿ, ಕೈಗೆ ಕೊಟ್ಟಳು. ಯಾವ ವೈದ್ಯರಿಗೆ ತೋರಿಸಬೇಕೆಂಬುದನ್ನೂ ಚೀಟಿಯಲ್ಲಿ ಬರೆಸಿ ಕೊಟ್ಟಳು. ಆಮೇಲೆ ಹೊಳೆಗೆ ಇಳಿದೆವು. ಕೋಲಿನವನು ನಮ್ಮನ್ನು ಗುರುತು ಹಿಡಿದು, ಇನ್ನೊಂದು ಕೋಲು ಹುಡುಕಿ ಕೊಟ್ಟ. ನೀರು ಕುಡಿದ ಸೀರೆ ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸೇರಿ ಹನ್ನೊಂದು ತೆಗೆದೆವು. ಅಷ್ಟಕ್ಕೇ ನನ್ನ ಸೊಂಟ ಹಿಡಿದುಕೊಂಡಿತು, ಅಕ್ಕ ನಗುತ್ತಿದ್ದಳು.

ಸೋಮವಾರ ಕಾಲೇಜಿನಲ್ಲಿ ನಾನು ಬಾಗಿ ನಡೆಯುವುದನ್ನು ಕಂಡು ಮಿತ್ರರು, "ಏನು ಮೇಷ್ಟ್ರೆ, ಕುದುರೆ ತಿಕ್ಕಿ ಬಂದಿರೇನು?" ಎಂದರು. ಹೌದೆಂದೆ. ಮುಂದಿನ ಸಲ ತಾವೂ ಬರುವುದಾಗಿ ಹೇಳಿದ್ದಾರೆ.